ನೊಗ ಇಳಿಸುವ ಹೊತ್ತು

ಬೆಳಗಿನ ಲೋಕಲ್ ಗಾಡಿಗಾಗಿ ಧಾವಿಸುವ ಮುಂಬಯಿಯ ಕನ್ನಡಿಗನಿಗೆ ರಾತ್ರಿ ಹಾಸಿಗೆ ಸೇರಿದ ಮೇಲೂ ಓಟ ನಿಲ್ಲುವುದಿಲ್ಲ. ‘ಈಗ ನಿದ್ರಿಸಲೇಬೇಕು’ ಎಂದು ಹಟ ಹಿಡಿದಷ್ಟೂ ನಿದ್ರೆ ದೂರ ಸರಿಯುತ್ತದೆ. ಮನಶ್ಶಾಂತಿಯ ರೀತಿಯೂ ಇದೇ.

ಮನಸ್ಸು ಸದಾ ಗುರಿಯ ಬೆನ್ನು ಹತ್ತಿದ್ದರೆ, ಅಪಾಯವನ್ನೆದುರಿಸಲೆಂದು ಪ್ರಕೃತಿ ಇತ್ತಿರುವ ಅಡ್ರಿನಲಿನ್ ಮೊದಲಾದ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡ ಏರುತ್ತದೆ. ಇದಕ್ಕೆ ವಿರುದ್ಧವಾದ ವಿಶ್ರಾಂತ ಸ್ಥಿತಿಯೊಂದು ನಮ್ಮ ದೇಹದಲ್ಲೇ ಅಡಗಿದೆಯೆಂದು ಅಮೆರಿಕದ ಹೃದ್ರೋಗತಜ್ಞ ಹರ್ಬರ್ಟ್ ಬೆನ್ಸನ್ ಅವರು 1975ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆಗ ಉಸಿರಾಟವೂ ನಾಡಿಬಡಿತವೂ ನಿಧಾನವಾಗುತ್ತವೆ.

ಅಭ್ಯಾಸ ಸರಳವಾದುದು. ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು, ಸ್ನಾಯುಗಳನ್ನು ಸಡಿಲಿಸಿ, ಪ್ರತಿ ನಿಶ್ವಾಸದೊಡನೆ ಒಂದೇ ಪದವನ್ನು ಮನದಲ್ಲಿ ಉಚ್ಚರಿಸಬೇಕು. ಬೇರೆ ಯೋಚನೆ ಬಂದರೆ ಅದರೊಡನೆ ಹೋರಾಡದೆ ಪದಕ್ಕೆ ಮರಳಬೇಕು. ‘ಸರಿಯಾಗಿ ಮಾಡುತ್ತಿದ್ದೇನೆಯೇ?’ ಎಂಬ ಚಿಂತೆಯೇ ಇಲ್ಲಿ ದೊಡ್ಡ ಅಡ್ಡಿ. ವೈದ್ಯರಿತ್ತ ಔಷಧಿಯನ್ನು ಮಾತ್ರ ಇದನ್ನು ನಂಬಿ ನಿಲ್ಲಿಸಕೂಡದು.

ದುಡಿಮೆಯನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ಹಗಲೆಲ್ಲ ಉತ್ತ ಎತ್ತಿಗೂ ಸಂಜೆ ನೊಗ ಇಳಿಸುತ್ತೇವೆ. ನಮ್ಮ ಮನಸ್ಸಿಗೇಕೆ ಆ ದಯೆ ಬೇಡ?