ಸಿಗ್ನಲ್ ಇಲ್ಲದಾಗ ಬರೆದಿಟ್ಟ ಉತ್ತರ



1980ರ ದಶಕದಲ್ಲಿ ಕಂಪ್ಯೂಟರ್ ಉಳ್ಳ ವಿದೇಶೀಯರು ಟೆಲಿಫೋನ್ ಮೂಲಕ ‘ಬುಲೆಟಿನ್ ಬೋರ್ಡ್’ ಎಂಬ ಸೂಚನಾ ಫಲಕ ನೋಡುತ್ತಿದ್ದರು. ಫೋನ್ ಬಿಲ್ಲು ಏರದಿರಲೆಂದು ಸಂದೇಶಗಳನ್ನು ಒಂದೇ ಕಟ್ಟಾಗಿ ಇಳಿಸಿಕೊಂಡು, ಲೈನ್ ಕಡಿದು, ನಿಧಾನವಾಗಿ ಓದಿ, ಉತ್ತರ ಬರೆದಿಟ್ಟು ಮುಂದಿನ ಕರೆಯಲ್ಲಿ ಕಳಿಸುತ್ತಿದ್ದರು.

ವಾಟ್ಸಾಪಿನದೂ ಹೆಚ್ಚುಕಡಿಮೆ ಅದೇ ಕ್ರಮ. ಸಿಗ್ನಲ್ ಇಲ್ಲದ ತೋಟದಲ್ಲಿ ಬರೆದ ಉತ್ತರ, ಗಡಿಯಾರದ ಗುರುತು ಇರುವಷ್ಟು ಹೊತ್ತು ಫೋನಿನಲ್ಲೇ ಉಳಿದಿರುತ್ತದೆ. ತೊಡಕು ಇಲ್ಲಿಯೇ. ನಿಪ್ಪಾಣಿಯ ವ್ಯಾಪಾರಿಯೊಬ್ಬರಿಗೆ ಸೋಮವಾರ ‘ಈ ದರಕ್ಕೆ ಒಪ್ಪಿಗೆ’ ಎಂದು ಬರೆದದ್ದು ಗುರುವಾರ ನಾವು ಪೇಟೆಗೆ ಇಳಿದಾಗ ಹೊರಡುತ್ತದೆ. ಅಷ್ಟರಲ್ಲಿ ಅಡಿಕೆ ದರ ಏರಿದ್ದರೆ?

ಆದ್ದರಿಂದ ಉತ್ತರದಲ್ಲಿ ದರ, ಬರೆದ ತಾರೀಖು, ಒಪ್ಪಿಗೆ ಎಂದಿನವರೆಗೆ ಎಂಬುದನ್ನು ತಪ್ಪದೆ ನಮೂದಿಸಬೇಕೆಂದು ನಮ್ಮ ಕೋರಿಕೆ. ಮನಸ್ಸು ಬದಲಾದರೆ ಸಿಗ್ನಲ್ ಸಿಗುವ ಮೊದಲೇ ಅಳಿಸಿಬಿಡಿ. ಒಂದು ಟಿಕ್ ಬಿತ್ತೆಂದರೆ ಕಾಗದ ಅಂಚೆಗೆ ಬಿದ್ದಂತೆಯೇ.