ಕಿವಿಯಿಲ್ಲದ ಗುರು

ಉಪಾಧ್ಯಾಯನು ಕೊನೆಯವರೆಗೂ ವಿದ್ಯಾರ್ಥಿಯಾಗಿರಬೇಕೆಂಬ ಮಾತನ್ನು ನಮ್ಮ ವೃತ್ತಿಯವರು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಅದನ್ನು ನಿಜವಾಗಿ ಅನುಭವಿಸುವ ಸಂದರ್ಭ ಮಾತ್ರ ವಿರಳ. ಬಿ.ಎಡ್. ಪದವಿ ಕೈಗೆ ಬಂದ ಮೇಲೆ ನಾವು ಬೆಂಚಿನ ಮೇಲೆ ಕೂರುವುದು ವರ್ಷಕ್ಕೊಮ್ಮೆ ನಡೆಯುವ ಕಾರ್ಯಾಗಾರಗಳಲ್ಲಿ. ಅಲ್ಲಿಯೂ ಕಾಫಿ, ಉಪ್ಪಿಟ್ಟು, ಹಳೆಯ ಸ್ನೇಹಿತರ ಭೇಟಿ ಇವುಗಳ ನಡುವೆ ವಿದ್ಯಾರ್ಥಿತ್ವವು ನಮ್ಮನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆನ್‌ಲೈನ್ ತರಬೇತಿಯ ರೀತಿಯೇ ಬೇರೆ. ಅಲ್ಲಿ ಉಪ್ಪಿಟ್ಟೂ ಇಲ್ಲ, ಪಕ್ಕದವನೂ ಇಲ್ಲ. ಅಂಗೈಯಗಲದ ಪರದೆ, ಕಿವಿಗೆ ಸಿಕ್ಕಿಸಿದ ತಂತಿ, ಎಂದೋ ಎಲ್ಲಿಯೋ ಮುದ್ರಿತವಾದ ಒಂದು ದನಿ, ಇಷ್ಟೇ ತರಗತಿ.

ಇದು ಬಂದು ಹೋಗುವ ಹವ್ಯಾಸವೆಂದು ತಿಳಿಯಲಾಗದು. ಕೇಂದ್ರ ಸರ್ಕಾರದ 'ದೀಕ್ಷಾ' ಜಾಲತಾಣ 2017ರಲ್ಲಿ ಹುಟ್ಟಿತು. ಉಪಾಧ್ಯಾಯರಿಗಾಗಿ 2019ರಲ್ಲಿ ಮುಖಾಮುಖಿಯಾಗಿ ಆರಂಭವಾದ 'ನಿಷ್ಠಾ' ತರಬೇತಿಯು ಕೊರೋನಾ ಕಾಲದಲ್ಲಿ, 2020ರಲ್ಲಿ, ಅದೇ ಜಾಲತಾಣಕ್ಕೆ ಸ್ಥಳ ಬದಲಾಯಿಸಿತು. ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯೋ ಪ್ರತಿಯೊಬ್ಬ ಉಪಾಧ್ಯಾಯನೂ ವರ್ಷಕ್ಕೆ 50 ಗಂಟೆಗಳಿಗೆ ಕಡಮೆಯಿಲ್ಲದಂತೆ ವೃತ್ತಿಶಿಕ್ಷಣದಲ್ಲಿ ತೊಡಗಬೇಕೆಂದು ಬಯಸುತ್ತದೆ. ಅಷ್ಟು ಗಂಟೆಗಳು ಎಲ್ಲರಿಗೂ ಊರು ಬಿಟ್ಟು ಹೋಗಿ ಒದಗುವಂಥವಲ್ಲ. ಆದಕಾರಣ ಮೊಬೈಲೇ ಗತಿ. ನಾನು ಈಚೆಗೆ ಮುಗಿಸಿದ್ದು ಭಾಷಾಬೋಧನೆಗೆ ಸಂಬಂಧಿಸಿದ ಇಂಥದೇ ಒಂದು ತರಬೇತಿ. ಅದನ್ನು ನಡೆಸಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ.

ದೂರದಿಂದ ಕಲಿಸುವುದೇ ದೋಷವೆಂದು ನಾನು ವಾದಿಸಲಾರೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ತೊಡಗಿದಾಗ, ಕಾಲೇಜಿನ ಮೆಟ್ಟಲು ಹತ್ತಲಾರದ ಎಷ್ಟೋ ಮಂದಿಗೆ ಪದವಿಯ ದಾರಿ ತೆರೆಯಿತು. ಅಷ್ಟೇಕೆ, ಕೇಶಿರಾಜನು ನಮ್ಮಲ್ಲಿ ಯಾರನ್ನೂ ಕಣ್ಣಿಂದ ಕಂಡವನಲ್ಲ. ಆದರೂ ಏಳು ಶತಮಾನಗಳಾಚೆಯಿಂದ 'ಶಬ್ದಮಣಿದರ್ಪಣ'ದ ಮೂಲಕ ಪಾಠ ಹೇಳುತ್ತಲೇ ಇದ್ದಾನೆ. ಹೊಸ ತರಬೇತಿಯಲ್ಲಿಯೂ ಮೆಚ್ಚತಕ್ಕ ಅಂಶಗಳಿದ್ದವು. ಒಂದು ಚಿಕ್ಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ಮಕ್ಕಳಿಗೆ ಕಥೆ ಹೇಳುವ ದೃಶ್ಯವೊಂದಿತ್ತು. ಕಥೆಯ ಬಿಗಿಯಾದ ಜಾಗದಲ್ಲಿ ಆಕೆ ದನಿಯನ್ನು ಏರಿಸುವುದಿಲ್ಲ, ಇಳಿಸುತ್ತಾರೆ. ಮಕ್ಕಳು ತಾವಾಗಿ ಮುಂದಕ್ಕೆ ಬಾಗುತ್ತಾರೆ. ಅದನ್ನು ನಾನು ನಿಲ್ಲಿಸಿ, ಹಿಂದಕ್ಕೆ ಎಳೆದು, ನಾಲ್ಕು ಸಲ ನೋಡಿದೆ. ಯಾವ ಕಾರ್ಯಾಗಾರದಲ್ಲಿ ಯಾವ ಪಂಡಿತರು ಇಷ್ಟು ತಾಳ್ಮೆಯಿಂದ ನಾಲ್ಕು ಸಲ ಹೇಳಿಯಾರು? ಇನ್ನು ವಿಡಿಯೊ ತನ್ನಷ್ಟಕ್ಕೆ ಓಡುತ್ತಿರುವಾಗ ಗೃಹಕೃತ್ಯವೂ ತನ್ನಷ್ಟಕ್ಕೆ ಸಾಗುತ್ತಿರುವ ಮನೆಗಳಿಲ್ಲವೆ ಎಂದರೆ, ಇವೆ. ಆದರೆ ತರಗತಿಯಲ್ಲಿ ಕಣ್ತೆರೆದು ನಿದ್ರಿಸುವ ವಿದ್ಯೆ ಮೊಬೈಲಿಗಿಂತ ಬಹಳ ಹಳೆಯದು.

ನನ್ನ ತಕರಾರು ಹುಟ್ಟಿದ್ದು ಪರೀಕ್ಷೆಯ ಭಾಗದಲ್ಲಿ. ಪ್ರಶ್ನೆ ಹೀಗಿತ್ತು: ಮಗುವೊಂದು 'ಹಾಲು' ಎಂಬ ಪದವನ್ನು ತಪ್ಪಾಗಿ ಬರೆದರೆ ಉಪಾಧ್ಯಾಯನು ಏನು ಮಾಡಬೇಕು? ಹತ್ತು ಸಲ ಬರೆಸಬೇಕು, ಮನೆಯವರಿಗೆ ತಿಳಿಸಬೇಕು, ಬೇರೆ ಮಗುವಿನಿಂದ ತಿದ್ದಿಸಬೇಕು, ಉತ್ತೇಜನದ ಮಾತಿನೊಡನೆ ಸರಿಯಾದ ರೂಪವನ್ನು ತೋರಿಸಬೇಕು. ನಾಲ್ಕನೆಯದನ್ನು ಒತ್ತಿದೆ. ಹಸುರು ಗುರುತು ಮೂಡಿತು, ಅಂಕವೂ ಬಂದಿತು. ಆದರೆ ಮಗು ಬರೆದದ್ದು ಏನು? ಅದನ್ನು ಯಾರೂ ಹೇಳಲಿಲ್ಲ. ಕೇಳಲು ಸ್ಥಳವೂ ಇರಲಿಲ್ಲ.

ನಾನು ಪಾಠ ಹೇಳುವುದು ಕೋಲಾರದ ಕಡೆಯ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ಒಂದೇ ಬೆಂಚಿನ ಮೂವರಿಗೆ ಮೂರು ಮನೆಮಾತು. ಉಕ್ತಲೇಖನ ಕೊಟ್ಟರೆ ಒಬ್ಬ ಹುಡುಗ 'ಆಲು' ಎಂದು ಬರೆಯುತ್ತಾನೆ. ಅವನದು ಕನ್ನಡದ ಮನೆಯೇ; ಆದರೆ ದಕ್ಷಿಣ ಸೀಮೆಯ ಹಳ್ಳಿಗಳಲ್ಲಿ ಪದದ ಮೊದಲ ಹಕಾರ ಉಚ್ಚಾರಣೆಯಲ್ಲಿ ಉಳಿಯುವುದಿಲ್ಲ. ಹುಟ್ಟಿದಂದಿನಿಂದ ಕೇಳಿದ್ದನ್ನು ಅವನು ಬರೆದಿದ್ದಾನೆ. ಅವನ ಕಿವಿ ಪ್ರಾಮಾಣಿಕವಾದದ್ದು. ಅವನ ಪಕ್ಕದ ಹುಡುಗಿ 'ಪಾಲು' ಎಂದು ಬರೆಯುತ್ತಾಳೆ. ಅವಳ ಮನೆಯ ತೆಲುಗಿನಲ್ಲಿ ಹಾಲಿಗೆ ಅದೇ ಹೆಸರು. ಹಳಗನ್ನಡದಲ್ಲಿಯೂ ಅದು 'ಪಾಲ್' ಆಗಿಯೇ ಇತ್ತು. ಆಮೇಲಿನ ಶತಮಾನಗಳಲ್ಲಿ ನಮ್ಮ ಪಕಾರ ಹಕಾರಕ್ಕೆ ತಿರುಗಿತು. ಪಂಪನ ಕಾಲದವರಾರಾದರೂ ಆ ಹುಡುಗಿಯ ಪುಸ್ತಕವನ್ನು ನೋಡಿದ್ದರೆ ಅಷ್ಟೇನೂ ಹುಬ್ಬೇರಿಸುತ್ತಿರಲಿಲ್ಲ. ಇಂದಿನ ಕನ್ನಡದಲ್ಲಿ ಮಾತ್ರ ಅವಳು ಹಾಲನ್ನು ಕೇಳಲು ಹೋಗಿ ಹಿಸ್ಸೆಯನ್ನು ಕೇಳಿದಂತಾಗುತ್ತದೆ.

ಮೂರನೆಯವನ ಸಮಾಚಾರ ಇನ್ನೂ ಸೂಕ್ಷ್ಮ. ಅವನು 'ಹಾಲು' ಎಂಬುದನ್ನು ಸರಿಯಾಗಿಯೇ ಬರೆಯುತ್ತಾನೆ; ಆದರೆ 'ಅಕ್ಕಿ' ಎಂದು ಹೇಳಿದಾಗ 'ಹಕ್ಕಿ' ಎಂದು ಬರೆಯುತ್ತಾನೆ. ಹಕಾರ ಬಿಟ್ಟನೆಂದು ಹಿಂದಿನ ತರಗತಿಗಳಲ್ಲಿ ಬೈಸಿಕೊಂಡವನು. ಇನ್ನು ಬೈಸಿಕೊಳ್ಳಬಾರದೆಂದು, ಬೇಕಾದಲ್ಲಿಯೂ ಬೇಡವಾದಲ್ಲಿಯೂ ಅದನ್ನು ಸೇರಿಸುತ್ತಾನೆ. ಇದು ಪಾಠವನ್ನು ಕೇಳದವನ ತಪ್ಪಲ್ಲ, ಕೇಳಿ ಹೆದರಿದವನ ತಪ್ಪು. ಮೊದಲನೆಯವನಿಗೆ ಹಕಾರವನ್ನು ಕಿವಿಗೆ ಮುಟ್ಟಿಸಬೇಕು. ಎರಡನೆಯವಳಿಗೆ ಎರಡು ಭಾಷೆಗಳ ನಂಟನ್ನು ತೋರಿಸಿದರೆ ಅವಳಿಗೆ ಹೆಮ್ಮೆಯೂ ಆದೀತು, ಪದವೂ ನೆಲೆಗೊಂಡೀತು. ಮೂರನೆಯವನಿಗೆ ಮೊದಲು ಭಯ ಬಿಡಬೇಕು. ಕೆಂಪು ಶಾಯಿಯಲ್ಲಿ ಈ ಮೂರು ತಪ್ಪುಗಳೂ ಒಂದೇ ರೀತಿ ಕಾಣುತ್ತವೆ. ಹಸುರು ಗುರುತಿನಲ್ಲಿ ಮೂರೂ ಕಾಣುವುದೇ ಇಲ್ಲ.

ಭಾಷೆಯ ಉಪಾಧ್ಯಾಯನ ಬಂಡವಾಳವೆಲ್ಲ ನಾಲಗೆಯಲ್ಲಿದೆಯೆಂದು ಜನ ಭಾವಿಸಿದ್ದಾರೆ. ನನಗೆ ತೋರುವಂತೆ ಅದರ ಹೆಚ್ಚಿನ ಪಾಲು ಕಿವಿಯಲ್ಲಿದೆ. ತಪ್ಪು ಬಂದೊಡನೆ ಅದು ಎಲ್ಲಿಂದ ಬಂದಿತು, ಮನೆಯಿಂದಲೋ, ಬೀದಿಯಿಂದಲೋ, ನಾನು ನಿನ್ನೆ ಹೇಳಿದ ಪಾಠದಿಂದಲೇ ಬಂದಿತೋ ಎಂದು ಆಲಿಸುವುದರಲ್ಲಿಯೇ ಅರ್ಧ ಬೋಧನೆ ಮುಗಿದಿರುತ್ತದೆ. ತರಬೇತಿಯ ದನಿಗೆ ನಾಲಗೆ ಸೊಗಸಾಗಿತ್ತು. ನಾನು ಯಾವ ಕಾರಣಕ್ಕಾಗಿ ನಾಲ್ಕನೆಯ ಉತ್ತರವನ್ನು ಒತ್ತಿದೆನೆಂಬುದು ಅದಕ್ಕೆ ಬೇಕಿರಲಿಲ್ಲ. ಉಳಿದ ಮೂರೂ ಕಟುವಾಗಿದ್ದುದರಿಂದ, ಕನ್ನಡದ ಗಂಧವಿಲ್ಲದವನು ಕೂಡ ನಾಲ್ಕನೆಯದನ್ನೇ ಒತ್ತುತ್ತಿದ್ದನು. ಪ್ರಮಾಣಪತ್ರ ಇಬ್ಬರಿಗೂ ಒಂದೇ.

ಆದರೂ ಆ ಕಥೆಯ ದೃಶ್ಯವನ್ನು ನಾಲ್ಕು ಸಲ ನೋಡಿದ್ದು ವ್ಯರ್ಥವಾಗಲಿಲ್ಲ. ಹಿಂದಕ್ಕೆ ಎಳೆದು ಕೇಳುವ ಆ ಸೌಕರ್ಯವನ್ನು ನಮ್ಮ ಮಕ್ಕಳ ವಾಚನಕ್ಕೆ ಏಕೆ ಬಳಸಬಾರದೆಂದು ಸುತ್ತಿನ ಶಾಲೆಗಳ ನಾವು ನಾಲ್ವರು ಕನ್ನಡ ಉಪಾಧ್ಯಾಯರು ಯೋಚಿಸಿದೆವು. ತಂದೆತಾಯಿಗಳ ಒಪ್ಪಿಗೆ ಪಡೆದು, ಮಕ್ಕಳ ಹೆಸರಿಲ್ಲದೆ, ಎರಡೆರಡು ನಿಮಿಷದ ವಾಚನವನ್ನು ಮೊಬೈಲಿನಲ್ಲಿ ಮುದ್ರಿಸಿ ಪರಸ್ಪರ ಕಳುಹಿಸುತ್ತಿದ್ದೇವೆ. ಇದಕ್ಕೆ ಗಂಟೆಗಳ ಲೆಕ್ಕವಿಲ್ಲ, ಪ್ರಮಾಣಪತ್ರವೂ ಇಲ್ಲ.

ಕಳೆದ ತಿಂಗಳು ನಾನು ಕಳುಹಿಸಿದ್ದು ಎಂಟನೆಯ ತರಗತಿಯ ಹುಡುಗಿಯೊಬ್ಬಳ ವಾಚನ. ಮನೆಯಲ್ಲಿ ಉರ್ದು, ಆ ಭಾಷೆಯಲ್ಲಿ ಳಕಾರವಿಲ್ಲ. 'ನಮ್ಮ ಹಳ್ಳಿ' ಎಂಬುದನ್ನು ಅವಳು 'ನಮ್ಮ ಹಲ್ಲಿ' ಎಂದು ಓದಿದಳು, ಇಡೀ ತರಗತಿ ಗೊಳ್ಳೆಂದು ನಕ್ಕಿತು. ಆ ರಾತ್ರಿಯೇ ನೆರೆಯ ತಾಲ್ಲೂಕಿನ ಸಹೋದ್ಯೋಗಿಯೊಬ್ಬರು ಫೋನು ಮಾಡಿದರು: "ಸಾರ್, ಆ ನಗುವಿನ ಅಡಿಯಲ್ಲಿ ಏನೋ ಇದೆ, ಇನ್ನೊಂದು ಸಲ ಕೇಳಿ." ಕೇಳಿದೆ. ಅಷ್ಟು ಗದ್ದಲದಲ್ಲಿ ಯಾರ ಕಿವಿಗೂ ಬೀಳದಷ್ಟು ಮೆಲ್ಲಗೆ ಆ ಹುಡುಗಿ ತನ್ನಲ್ಲಿಯೇ ಎರಡು ಸಲ 'ಹಳ್ಳಿ, ಹಳ್ಳಿ' ಎಂದು ಹೇಳಿಕೊಂಡು, ಆಮೇಲೆ ಮುಂದಿನ ವಾಕ್ಯಕ್ಕೆ ಹೋಗಿದ್ದಳು. ಎರಡನೆಯ ಸಲದ ಳಕಾರ ಸ್ಪಷ್ಟವಾಗಿತ್ತು.