ಒಂದು ಪೋರ್ಷೆಗೆ 57,020 ದಿನದ ಕೂಲಿ

2024ರ ಮೇ ತಿಂಗಳ ಕೊನೆಯಲ್ಲಿ ಪೋರ್ಷೆ ಕಂಪನಿ ತನ್ನ ಹೊಸ 911 ಕರೇರಾ ಕಾರಿಗೆ ಬೆಲೆ ಹೇಳಿತು. ಜರ್ಮನಿಯಲ್ಲಿ 1,28,700 ಯೂರೋ. ಅಮೆರಿಕದಲ್ಲಿ 1,20,100 ಡಾಲರ್. ಭಾರತದಲ್ಲಿ 1 ಕೋಟಿ 99 ಲಕ್ಷ ರೂಪಾಯಿ. ಸ್ಟುಟ್‌ಗಾರ್ಟ್‌ನ ಜುಫನ್‌ಹೌಸನ್ ಕಾರ್ಖಾನೆಯಿಂದ ಹೊರಬೀಳುವ ಒಂದೇ ಕಾರು! ಹಿಂಬದಿಯಲ್ಲಿ ಕೂತ ಅದೇ ಆರು ಸಿಲಿಂಡರಿನ ಎಂಜಿನ್, ಗಂಟೆಗೆ ಅದೇ 294 ಕಿಲೋಮೀಟರ್ ಓಟ. ಆಗಿನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿದರೆ ಅಮೆರಿಕದವರಿಗೆ ಹೆಚ್ಚುಕಡಿಮೆ ಒಂದು ಕೋಟಿ, ಜರ್ಮನಿಯವರಿಗೆ 1 ಕೋಟಿ 16 ಲಕ್ಷ, ನಮಗೆ ಹತ್ತಿರ ಹತ್ತಿರ ಎರಡು ಕೋಟಿ.

ಈ ಮೂರು ಸಂಖ್ಯೆ ನೋಡಿದವರು ‘ನಮ್ಮಲ್ಲಿ ಡಬಲ್ ರೇಟು’ ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಆ ಬೆಲೆಯನ್ನು ಹೊಳಲ್ಕೆರೆ ತಾಲ್ಲೂಕಿನ ನಮ್ಮ ಬಿ.ದುರ್ಗ ಹೋಬಳಿಯ ಒಂದು ದಿನದ ಕೂಲಿಯಿಂದ ಭಾಗಿಸಿ ನೋಡಿ. ಕಾಗದದ ಮೇಲೆ ಮೂಡುವ ಉತ್ತರ ಕಂಡು ಕೈಯಲ್ಲಿನ ಪೆನ್ನು ತಾನಾಗಿ ನಿಂತುಬಿಡುತ್ತದೆ.

ಮೊದಲು ಜರ್ಮನಿ. 2024ರಲ್ಲಿ ಅಲ್ಲಿ ಕಾನೂನು ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 12.41 ಯೂರೋ. ದಿನಕ್ಕೆ ಎಂಟು ಗಂಟೆ ದುಡಿದು, ಒಂದು ಪೈಸೆಯನ್ನೂ ಖರ್ಚು ಮಾಡದೆ ಕೂಡಿಟ್ಟರೆ 1,296 ದಿನಕ್ಕೆ ಪೋರ್ಷೆ ಕೈಗೆ ಬರುತ್ತದೆ. ರಜೆಗಳನ್ನೆಲ್ಲ ಬಿಟ್ಟರೂ ಐದು ವರ್ಷದ ಮಾತು. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಅಲ್ಲಿ 2,071 ದಿನ ಬೇಕು. ಅಂದರೆ ಕಾರು ಅಗ್ಗವಾಗಿ ಸಿಗುವ ಅಮೆರಿಕದಲ್ಲಿ ತಳದ ಕೂಲಿಯವನಿಗೆ ಅದು ಜರ್ಮನಿಗಿಂತ ದೂರ! ಇದೇ ಒಂದು ಅಚ್ಚರಿ.

ಈಗ ನಮ್ಮೂರು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಕೆರೆ ಹೂಳೆತ್ತಿ, ಬದು ಹಾಕಿ, ಕೃಷಿ ಹೊಂಡ ತೋಡಿ ಗಳಿಸುವ ದುಡ್ಡು. 1 ಕೋಟಿ 99 ಲಕ್ಷವನ್ನು 349ರಿಂದ ಭಾಗಿಸಿದರೆ 57,020 ದಿನ. ಭಾನುವಾರವಿಲ್ಲ, ಹಬ್ಬವಿಲ್ಲ, ಜ್ವರವಿಲ್ಲ ಎಂದು ವರ್ಷದ ಮುನ್ನೂರ ಅರವತ್ತೈದು ದಿನವೂ ದುಡಿದರೆ 156 ವರ್ಷ. ಕಾರು ಬಂದ 2024ರಿಂದ ಹಿಂದಕ್ಕೆ ಎಣಿಸಿದರೆ ಅದು 1868, ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ವರ್ಷ. ಆದರೆ ಜಾಬ್ ಕಾರ್ಡ್ ಇಟ್ಟುಕೊಂಡ ಮನೆಗೆ ಆಗ ಖಾತ್ರಿ ಇದ್ದದ್ದು ವರ್ಷಕ್ಕೆ 100 ದಿನ ಮಾತ್ರ. ಆ ಲೆಕ್ಕ ಹಿಡಿದರೆ 570 ವರ್ಷ! ಹಿಂದೆ ಹೋದರೆ 1454. ವಿಜಯನಗರದ ಪಟ್ಟದಲ್ಲಿ ಮಲ್ಲಿಕಾರ್ಜುನರಾಯ. ಚಿತ್ರದುರ್ಗದಲ್ಲಿ ನಾಯಕರ ಆಳ್ವಿಕೆ ಶುರುವಾಗಲು ಇನ್ನೂ ನೂರು ವರ್ಷದ ಮೇಲಿದೆ. ಅಂದು ಗುದ್ದಲಿ ಹಿಡಿದ ಮನೆತನ, ತಲೆಯಿಂದ ತಲೆಗೆ ಆ ಗುದ್ದಲಿಯನ್ನು ದಾಟಿಸುತ್ತ, ನಾಯಕರ ಕೋಟೆ ಏಳುವುದನ್ನು ಕಂಡು, 1779ರಲ್ಲಿ ಅದು ಹೈದರಾಲಿಯ ಕೈಗೆ ಬೀಳುವುದನ್ನೂ ಕಂಡು, 2024ರ ಹೊತ್ತಿಗೆ ಒಂದು ಕಾರು ಕೊಳ್ಳಬಹುದಿತ್ತು. ರಿಜಿಸ್ಟ್ರೇಷನ್ ಖರ್ಚು ಬೇರೆ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18, ಮೇಲೆ ಸೆಸ್. ಈ ಕಾರಿಗೆ ತೆರಿಗೆಯೊಂದೇ 35 ಲಕ್ಷ ದಾಟುತ್ತದೆ. ಖಾತ್ರಿ ಕೂಲಿಯಲ್ಲಿ ಅದಕ್ಕೇ ಇನ್ನೂ ನೂರು ವರ್ಷ!

ಹಾಗಾದರೆ ತಪ್ಪೆಲ್ಲ ತೆರಿಗೆಯದೇ? ಎಲ್ಲರೂ ಹಾಗೆಯೇ ಹೇಳುತ್ತಾರೆ. ಈ ಬೆಲೆಯನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸಿದಾಗ ಸಿಕ್ಕ ಸಂಗತಿ ಮಾತ್ರ ಬೇರೆಯೇ ಇದೆ. 2024ರ ನಿಯಮದಂತೆ 40 ಸಾವಿರ ಡಾಲರಿಗಿಂತ ಬೆಲೆಬಾಳುವ ಕಾರು ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದರೆ ಆಮದು ಸುಂಕ ಒಟ್ಟು ಸುಮಾರು ಶೇ 110. ನೂರು ರೂಪಾಯಿ ಬಂದರಿನಲ್ಲೇ ಇನ್ನೂರ ಹತ್ತಾಯಿತು. ಆ ಇನ್ನೂರ ಹತ್ತರ ಮೇಲೆ ಶೇ 28 ಜಿಎಸ್‌ಟಿ, ಜೊತೆಗೆ ಶೇ 20 ಸೆಸ್. ಈಗ ಮುನ್ನೂರ ಹತ್ತು. ತೆರಿಗೆಯ ಮೇಲೆ ತೆರಿಗೆ ಕೂತು ನೂರು ಮೂರು ಪಟ್ಟಾಯಿತು. ಆದರೆ, ಇಲ್ಲೇ ನೋಡಿ ವಿಚಿತ್ರ, ಕಾರಿನ ಬೆಲೆ ಜರ್ಮನಿಯ ಮೂರು ಪಟ್ಟಾಗಿಲ್ಲ. ಎರಡು ಪಟ್ಟೂ ಆಗಿಲ್ಲ. 1 ಕೋಟಿ 99 ಲಕ್ಷದಿಂದ ಈ ಪದರಗಳನ್ನೆಲ್ಲ ಕಳಚಿದರೆ ಒಳಗೆ ಉಳಿಯುವುದು ಸುಮಾರು 64 ಲಕ್ಷ. ಜರ್ಮನಿಯ ಬೆಲೆಯಿಂದ ಅಲ್ಲಿಯ ಶೇ 19 ತೆರಿಗೆ ಕಳೆದರೆ 97 ಲಕ್ಷ ಉಳಿಯುತ್ತದೆ. ಅಂದರೆ ತೆರಿಗೆ ಬಿಟ್ಟು ನೋಡಿದರೆ ಇದೇ ಕಾರು ನಮಗೆ ತವರಿನವರಿಗಿಂತ ಅಗ್ಗ! ಒಂದೊಂದು ದೇಶದ ಗಿರಾಕಿ ಎಷ್ಟಕ್ಕೆ ನಿಲ್ಲುತ್ತಾನೆಂದು ನೋಡಿ ಕಂಪನಿಗಳು ಬೆಲೆ ಕಟ್ಟುತ್ತವೆ ಎಂಬುದು ವ್ಯಾಪಾರ ಬಲ್ಲವರಿಗೆ ಹಳೆಯ ವಿಷಯ. ಅದನ್ನು ಹೀಗೆ ಅಂಕಿಗಳಲ್ಲಿ ಬಿಚ್ಚಿಕೊಂಡು ಕಾಣುವುದು ಮಾತ್ರ ರೋಮಾಂಚನ.

ಇನ್ನೂ ದೊಡ್ಡದು ಇದರ ಹಿಂದಿದೆ. ನಮ್ಮ 57,020 ದಿನವನ್ನು ಜರ್ಮನಿಯ 1,296ರಿಂದ ಭಾಗಿಸಿದರೆ 44. ಖಾತ್ರಿ ಕೂಲಿಯವನಿಗೆ ಈ ಕಾರು ಜರ್ಮನಿಯ ಕೂಲಿಯವನಿಗಿಂತ 44 ಪಟ್ಟು ದೂರ. ಈ 44ರಲ್ಲಿ ಬೆಲೆಯ ಪಾಲೆಷ್ಟು ಗೊತ್ತೇ? ಬರೀ 1.7 ಪಟ್ಟು. ಉಳಿದ ಇಪ್ಪತ್ತೈದು ಚಿಲ್ಲರೆ ಪಟ್ಟು ಪೂರ್ತಿ ಕೂಲಿಯದ್ದು! ಅವರ ಒಂದು ದಿನದ ಕನಿಷ್ಠ ಕೂಲಿ 2024ರಲ್ಲಿ ನಮ್ಮ ಹಣದಲ್ಲಿ ಸುಮಾರು 8,900 ರೂಪಾಯಿ, ಇಲ್ಲಿ 349. ಸುಂಕದ ಬಗ್ಗೆ ಇಷ್ಟೆಲ್ಲ ಗಲಾಟೆ ನಡೆಯುತ್ತದೆ, ಈ ಇಪ್ಪತ್ತೈದರ ಬಗ್ಗೆ ಯಾರೂ ಉಸಿರೆತ್ತುವುದಿಲ್ಲ.

‘ಅಲ್ಲಿ ಖರ್ಚೂ ಹಾಗೇ ಇರುತ್ತಲ್ಲ’ ಎನ್ನುವವರಿದ್ದಾರೆ. ನಿಜವೇ. ಹೊಳಲ್ಕೆರೆಯ ಹೋಟೆಲಿನಲ್ಲಿ ಮುದ್ದೆ ಊಟ ಮಾಡುವ ದುಡ್ಡಿಗೆ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಕಾಫಿಯೂ ಬಾರದು. ಊಟ, ಕ್ಷೌರ, ಮನೆ ಬಾಡಿಗೆ ಎಲ್ಲವೂ ಊರಿನ ಕೂಲಿಯ ಜೊತೆಗೇ ಏರುತ್ತವೆ, ಇಳಿಯುತ್ತವೆ. ದಿ ಇಕಾನಮಿಸ್ಟ್ ಪತ್ರಿಕೆ 1986ರಿಂದ ದೇಶದೇಶಗಳ ಬರ್ಗರ್ ಬೆಲೆ ಹೋಲಿಸಿ ಹಣದ ನಿಜವಾದ ತೂಕ ಅಳೆಯುತ್ತಿರುವುದು ಈ ಕಾರಣಕ್ಕೆ. ಸ್ಪೋರ್ಟ್ಸ್ ಕಾರು ಅದಕ್ಕೆ ತದ್ವಿರುದ್ಧವಾದ ಅಳತೆಗೋಲು. ಅದು ನಮ್ಮೂರ ಕೂಲಿಯಲ್ಲಿ ತಯಾರಾಗುವುದಿಲ್ಲ, ನಮ್ಮೂರ ಬೆಲೆಗೆ ಇಳಿಯುವುದೂ ಇಲ್ಲ. ರಾಗಿ, ಈರುಳ್ಳಿಗಳು ಮುಚ್ಚಿಡುವ ಅಂತರವನ್ನು ಅದು ಹಸಿಹಸಿಯಾಗಿ ತೋರಿಸಿಬಿಡುತ್ತದೆ. ನನಗೆ ಈ ಕಾರಿನ ಮೇಲೆ ಇಷ್ಟೊಂದು ಮೋಹ ಹುಟ್ಟಿದ್ದು ಅದರ ವೇಗಕ್ಕಲ್ಲ, ಈ ಗುಣಕ್ಕೆ.

ಸಿಂಗಪುರದ ಕಥೆ ಇನ್ನೊಂದೇ ಲೋಕ. ಅಲ್ಲಿ ಕಾರು ಕೊಳ್ಳುವ ಮೊದಲು, ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಹಕ್ಕುಪತ್ರ 1,50,001 ಸಿಂಗಪುರ ಡಾಲರಿಗೆ ಹೋಯಿತು. ಸುಮಾರು 90 ಲಕ್ಷ ರೂಪಾಯಿ, ಅದೂ ಹತ್ತು ವರ್ಷಕ್ಕೆ. ಕಾರಿನ ದುಡ್ಡು ಆಮೇಲೆ!

ಇಲ್ಲಿಯ ಲೆಕ್ಕವೂ ಅಲುಗಾಡತೊಡಗಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ಹೋಗಿ ಒಟ್ಟಿಗೆ ಶೇ 40 ಜಿಎಸ್‌ಟಿ ಬಂತು. 2026ರ ಜನವರಿಯಲ್ಲಿ ಐರೋಪ್ಯ ಒಕ್ಕೂಟದ ಜೊತೆ ಮುಗಿದ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ, ಗೊತ್ತಾದಷ್ಟು ಸಂಖ್ಯೆಯ ಕಾರುಗಳಿಗೆ ಸುಂಕವನ್ನು ಹಂತಹಂತವಾಗಿ ಶೇ 10ಕ್ಕೆ ಇಳಿಸುವ ಮಾತಾಯಿತು. ಆ 64 ಲಕ್ಷಕ್ಕೆ ಶೇ 10 ಸುಂಕ, ಶೇ 40 ಜಿಎಸ್‌ಟಿ ಹಾಕಿ ನೋಡಿ: 98 ಲಕ್ಷ ಚಿಲ್ಲರೆ. ಅರ್ಧಕ್ಕರ್ಧ ಇಳಿಕೆ! 2025-26ರ ಖಾತ್ರಿ ಕೂಲಿ 370 ರೂಪಾಯಿ. ಅದೇ 100 ದಿನದ ಲೆಕ್ಕದಲ್ಲಿ 266 ವರ್ಷ. ಈಗ 1454ರ ಬದಲು 1760ರಲ್ಲಿ, ಕೊನೆಯ ಮದಕರಿನಾಯಕ ಚಿತ್ರದುರ್ಗದ ಕೋಟೆ ಆಳುತ್ತಿದ್ದಾಗ ಗುದ್ದಲಿ ಹಿಡಿದರೆ ಸಾಕು. ಸುಂಕ ಇಳಿಸಿ ಗೆಲ್ಲಬಹುದಾದದ್ದು ಇಷ್ಟು.

ಆದರೆ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ ಲೆಕ್ಕಕ್ಕೆ ಜರ್ಮನಿಯ ತನಕ ಹೋಗಬೇಕಿಲ್ಲ. ಈ ಸೀಮೆಯ ಅಡಿಕೆ ಭೀಮಸಮುದ್ರದ ಮಾರುಕಟ್ಟೆಗೆ ಹೋಗುತ್ತದೆ. ರಾಶಿ ಅಡಿಕೆಯನ್ನು ಕ್ವಿಂಟಲಿಗೆ 50 ಸಾವಿರ ಎಂದು ಹಿಡಿಯೋಣ. ಪೋರ್ಷೆಯ ಬೆಲೆ 398 ಕ್ವಿಂಟಲ್. ಎಕರೆಗೆ 10 ಕ್ವಿಂಟಲ್ ಒಣ ಅಡಿಕೆ ಕೊಡುವ ತೋಟವಾದರೆ 40 ಎಕರೆಯ ಒಂದು ವರ್ಷದ ಫಸಲು. 10 ಎಕರೆಯವರಿಗೆ ನಾಲ್ಕು ಫಸಲು. ಗೊಬ್ಬರ, ಆಳು, ಕೊಳವೆಬಾವಿಯ ಖರ್ಚು ಕಳೆದು ಇನ್ನೊಂದೆರಡು ಸೇರಿಸಿ, ಐದಾರು ವರ್ಷ ಅನ್ನಿ. ಜರ್ಮನಿಯ ಕೂಲಿಯವನಿಗೆ ಬೇಕಾದದ್ದೂ ಐದೇ ವರ್ಷ! ಅದೇ ತೋಟದಲ್ಲಿ ಗೊನೆ ಇಳಿಸುವ, ಅಡಿಕೆ ಸುಲಿಯುವ ಆಳಿಗೆ ದಿನಕ್ಕೆ 600 ರೂಪಾಯಿ ಸಿಕ್ಕಿ, ವರ್ಷಕ್ಕೆ 300 ದಿನ ಕೆಲಸ ಇದ್ದರೆ 110 ವರ್ಷ. ಬೆಂಗಳೂರಿನ ಐಟಿ ಕಂಪನಿಗೆ ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಹೊಸದಾಗಿ ಸೇರಿದ ಆ ಆಳಿನ ಮಗಳಿಗೆ, ಸಂಬಳ ಹಾಗೇ ಉಳಿದರೆ, 57 ವರ್ಷ. ಜರ್ಮನಿ, ಬೆಂಗಳೂರು, ಬಿ.ದುರ್ಗ ಮೂರೂ ಒಂದೇ ತೋಟದ ಬೇಲಿಯೊಳಗೆ ಇವೆ. ದೇಶ ದೇಶಗಳ ನಡುವಿನ ಅಂತರ ಎಂದುಕೊಂಡು ನಾವು ಭೂಪಟದಲ್ಲಿ ಹುಡುಕುತ್ತಿದ್ದದ್ದು ತೋಟದ ಯಜಮಾನರಿಗೂ ಗೊನೆ ಇಳಿಸುವವರಿಗೂ ನಡುವೆ, ಕಣ್ಣೆದುರಿಗೇ ಇದೆ.